ಸೂತಕದ ಸೊಪ್ಪು

ಶಿವನಂಜಮ್ಮ ಹಿಪ್ಪುನೇರಳೆ ಸೊಪ್ಪನ್ನು ಸರಸರನೆ ಕೊಯ್ದು ಮಂಕರಿಗೆ ತುಂಬುತ್ತಿದ್ದಳು. ಮನೆಯೊಳಗೆ ಚಾಪೆಯ ಮೇಲೆ ಅವಳ ಗಂಡ ಚೆಲುವಯ್ಯ ಸತ್ತು ಮಲಗಿದ್ದ. ಅದು ಇನ್ನೂ ಅವಳೊಬ್ಬಳಿಗೇ ಗೊತ್ತು. ಬಾಯಿಬಿಟ್ಟು ಅತ್ತರೆ ಊರು ಸೇರುತ್ತದೆ, ಸೂತಕ ಹತ್ತುತ್ತದೆ. ಆಮೇಲೆ ಮನೆಯವರು ರೇಷ್ಮೆಹುಳುವಿನ ಕೋಣೆಗೆ ಕಾಲಿಡುವಂತಿಲ್ಲ, ಇಟ್ಟರೆ ಬೆಳೆ ಕೆಡುತ್ತದೆ. ಹುಳುಗಳೋ ನಾಳೆ ನಾಳಿದ್ದರಲ್ಲಿ ಗೂಡು ಕಟ್ಟುವಂಥವು, ಬಕಾಸುರನ ಹಸಿವು. ಊರಿನಲ್ಲಿ ಉಳಿದಿದ್ದ ರೇಷ್ಮೆ ಬೆಳೆ ಅದೊಂದೇ, ಅವಳ ಮುಂದಿನ ಅನ್ನವೂ ಅದೇ.

ಅಳದ ಸಾವಿಗೆ ಸೂತಕವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹುಳುಗಳಿಗೆ ಸೊಪ್ಪು ಹಾಕಿದಳು. ಒದ್ದೆ ಎಲೆ, ಘಾಟು ವಾಸನೆ ಹುಳುವಿಗೆ ಆಗದು, ಮುಂದಿನ ಹೊತ್ತಿನ ಸೊಪ್ಪನ್ನು ತೇವ ಒರೆಸಿ ಹಜಾರದಲ್ಲಿಟ್ಟಳು. ಆಮೇಲೆ ಗಂಡನ ಎದೆಯ ಮೇಲೆ ಬಿದ್ದು ಊರಿಗೆ ಕೇಳುವಂತೆ ಅತ್ತಳು.

*

ಹೋದ ವರ್ಷ ಚೆಲುವಯ್ಯ ನರಸೀಪುರದ ಸಂತೆಯಿಂದ ಗೂಡನ್ನು ಮಾರದೆ ಹೊತ್ತುಕೊಂಡೇ ಬಂದಿದ್ದ.

"ಅಮೇರಿಕಾದಲ್ಲಿ ಬ್ಯಾಂಕೆಲ್ಲ ಮುಳುಗಿ ರೇಷ್ಮೆ ಕೊಳ್ಳೋರೇ ಇಲ್ವಂತೆ ಕಣಮ್ಮಿ. ಜಪಾನಿನೋನು ಅಲ್ಲಿ ಮಾರ್ಬೇಕಾದ್ದ ಬಂದಷ್ಟು ಬರ್ಲಿ ಅಂತ ನಮ್ ಪ್ಯಾಟೇಲಿ ಸುರೀತಾವ್ನೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದಂಗಾಯ್ತು," ಎಂದಳು ಶಿವನಂಜಮ್ಮ.

"ಅವನ ರೇಷ್ಮೆಗೆ ಡೆಲ್ಲಿ ಸರ್ಕಾರ ಸುಂಕ ಆಕ್ಬೇಕು. ಅರ್ಜಿಗೆ ಎಬ್ಬೆಟ್ಟು ಒತ್ತಿ ಬಂದಿವ್ನಿ."

"ಓಗಿ ಓಗಿ ಸುಂಕದೋನ ಮುಂದೆ ಸುಖದುಃಖ ಯೋಳ್ಕಂಡ್ರಾ!"

ಅವಳು ನಕ್ಕಳು, ಅವನು ನಗಲಿಲ್ಲ. ನಂಜನಗೂಡಿನ ತನಕ ಜನ ಹಿಪ್ಪುನೇರಳೆ ಕಿತ್ತು ರಾಗಿ ಚೆಲ್ಲಿದರು. ಚೆಲುವಯ್ಯ ಮಾತ್ರ ಗುದ್ದಲಿ ಮುಟ್ಟಲಿಲ್ಲ. "ಸುಂಕ ಬಂದೇ ಬತ್ತದೆ. ಬಂದಾಗ ಗಿಡವೇ ಇಲ್ದಿದ್ರೆ?" ಎನ್ನುತ್ತ ಅರೆಹೊಟ್ಟೆಯಲ್ಲೇ ಗಿಡಕ್ಕೆ ಗೊಬ್ಬರ ಹೊತ್ತ. ಗಿಡ ಚಿಗುರಿತು, ಆಳು ಒಣಗಿದ.

*

ಹೆಣ ಎತ್ತುವ ಹೊತ್ತಿಗೆ ಪಕ್ಕದ ಮನೆಯ ಕೆಂಪಾಜಮ್ಮ ಅವಳ ಭುಜ ಹಿಡಿದಳು. ಒಳ್ಳೆಯ ಹೆಂಗಸು, ಮಡಿಯ ಹೆಂಗಸು. ರಾಗಿ ಬೆಳೆಯುವ ಮನೆಯವಳು, ಹುಳು ಸಾಕಿದವಳಲ್ಲ.

"ನೀ ಓಗವ್ವ. ಉಳಕ್ಕೆ ನಾ ಸೊಪ್ಪು ಆಕ್ತೀನಿ."

"ಹಜಾರದಲ್ಲಿ ಕೊಯ್ದಿಟ್ಟಿವ್ನಿ, ಅದನ್ನೇ ಆಕ್ಬುಡಕ್ಕ."

"ಯಾವಾಗ ಕೊಯ್ದೆ?"

ಸುಳ್ಳು ಹೇಳಬಹುದಿತ್ತು. ಗಂಡನ ಹೆಣ ಎದುರಿಗಿಟ್ಟುಕೊಂಡು ಅವಳಿಗೆ ಬಾಯಿ ಬರಲಿಲ್ಲ.

"ಅವರ ಉಸಿರು ನಿಂತ ಮ್ಯಾಕೆ."

ಕೆಂಪಾಜಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಓಗ್ಲಿ ಬುಡು, ನಾ ನೋಡ್ಕತೀನಿ," ಎಂದಳು.

ತೋಟದ ಬದುವಿನಲ್ಲಿ ಗುಂಡಿಗೆ ಮಣ್ಣು ಎಳೆಯುತ್ತಿದ್ದಾಗ ಚೆಲುವಯ್ಯನ ತಮ್ಮನ ಮಗ ನಿಂಗರಾಜು ನರಸೀಪುರದಿಂದ ಏದುಸಿರು ಬಿಡುತ್ತ ಬಂದ.

"ದೊಡ್ಡವ್ವ, ಸುಂಕ ಬಂತು! ಜಪಾನಿನ ರೇಷ್ಮೆಗೆ ಸುಂಕ ಆಕವ್ರಂತೆ. ಗೂಡಿನ ರೇಟು ಆಗ್ಲೇ ಏರ್ತಾ ಅದೆ!"

ಮಣ್ಣು ಎಳೆಯುವವರ ಕೈ ನಿಂತಿತು. "ದೊಡ್ಡಪ್ಪ ನೋಡ್ನಿಲ್ವಲ್ಲ," ಎಂದು ನಿಂಗರಾಜು ಅತ್ತ. "ಈ ಬೆಳೆ ಕೈಗೆ ಸಿಕ್ರೆ ನೀನಾದ್ರೂ ಬದುಕ್ಕಂಡೆ ದೊಡ್ಡವ್ವ."

ಗಂಡನ ಗುಂಡಿಯ ಮುಂದೆ ನಿಂತು ಶಿವನಂಜಮ್ಮನಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲಾ ಎಂದು ನಾಚಿ ಮೈಯೆಲ್ಲ ಹಿಡಿಯಾಯಿತು.

ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಮನೆಗೆ ಬಂದಳು. ಕೆಂಪಾಜಮ್ಮ ಬಾಗಿಲಲ್ಲೇ ಎದುರಾದಳು.

"ಸೂತಕದ ಸೊಪ್ಪು ಅಂತ ಎದರ್ಕೋಬ್ಯಾಡ ಕಣವ್ವ. ಒಂದೆಲೆ ಬುಡ್ದಂಗೆ ಗಂಜಲ ಚಿಮುಕ್ಸಿ, ಸುದ್ಧ ಮಾಡೇ ಆಕಿವ್ನಿ."

ಶಿವನಂಜಮ್ಮ ಸೂತಕ ಮರೆತು ಕೋಣೆಗೆ ನುಗ್ಗಿದಳು. ಸೋನೆಮಳೆಯಂತೆ ಸದ್ದು ಮಾಡುತ್ತ ಮೇಯಬೇಕಾದ ಹುಳುಗಳು ಸದ್ದಿಲ್ಲದೆ ಬಿದ್ದಿದ್ದವು. ಕೆಲವು ಬಿದಿರಿನ ತಟ್ಟೆಯ ಅಂಚಿಗೆ ಸರಿದು ತಲೆಯೆತ್ತಿದ್ದವು, ಕೆಲವು ಹಸಿರು ನೀರು ಕಾರುತ್ತಿದ್ದವು. ದನದ ಗಂಜಲದ ನಾತ ಮೂಗಿಗೆ ಬಡಿಯಿತು.

ಹೊರಗೆ ಜಗಲಿಯಲ್ಲಿ ನಿಂಗರಾಜು ಊರವರಿಗೆ ಸುಂಕದ ವಿಷಯ ಬಿಡಿಸಿ ಹೇಳುತ್ತಿದ್ದ.

ಅವಳು ನೆಲಕ್ಕೆ ಕುಸಿದು, ತಟ್ಟೆಯಿಂದ ಒಂದು ಎಲೆಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ನೀರಿಳಿಯುತ್ತಿದ್ದ ಸೆರಗು, ಎಲೆ ಇನ್ನಷ್ಟು ಒದ್ದೆಯಾಯಿತು. ಮತ್ತೆ ಒರೆಸಿ ಒಂದು ಹುಳುವಿನ ಬಾಯಿಗೆ ಹಿಡಿದಳು. ಅದು ತಲೆಯನ್ನು ಆಚೆ ತಿರುಗಿಸಿತು. ಅವಳು ಇನ್ನೊಂದು ಎಲೆಯನ್ನು ಎತ್ತಿಕೊಂಡಳು.