ಟೀ ಬಂತು

ಪೊಲೀಸ್ ಮೈದಾನದಲ್ಲಿ ತಾಲೀಮಿಗೆಂದು ಅಣಕು ಗಲಭೆ ನಡೆಯುವಾಗಲೆಲ್ಲ ವಿದ್ಯಾರ್ಥಿ ನಾಯಕಿಯ ಪಾತ್ರ ಅವಳದೇ. ತುಕಡಿ ಎರಡು ಪಾಲಾಗುತ್ತಿತ್ತು. ಅರ್ಧ ಜನ ಹೆಲ್ಮೆಟ್ಟು ಹಾಕಿ ಲಾಠಿ ಹಿಡಿದು ಪೊಲೀಸರಾದರೆ, ಉಳಿದವರು ಮನೆಬಟ್ಟೆಯಲ್ಲಿ ವಿದ್ಯಾರ್ಥಿಗಳು. ಅವಳು ಆಳು ಗಿಡ್ಡ, ಗಂಟಲು ಮಾತ್ರ ಏಳೂರಿಗೆ ಕೇಳಿಸುವಂಥದ್ದು. ಘೋಷಣೆಯನ್ನೂ ಅವಳೇ ಕಟ್ಟುತ್ತಿದ್ದಳು. "ಫೀಸು ಇಳಿಸಿ, ಇಲ್ಲಾ ಕುರ್ಚಿ ಇಳಿಯಿರಿ!" ಎಂದು ಕೂಗಿದರೆ ಲಾಠಿ ಹಿಡಿದವರಿಗೂ ಜೈ ಅನ್ನಬೇಕೆನಿಸುತ್ತಿತ್ತು. ಕಾನ್‌ಸ್ಟೆಬಲ್ ಆಗಿಯೇ ಅರ್ಧ ತಲೆ ನೆರೆತರೂ ಎಲ್ಲರ ಬಾಯಲ್ಲಿ ಅವಳು 'ಲೀಡರ್'.

ಅಣಕಿನ ಲಾಠಿಗೆ ಹಳೇ ಬಟ್ಟೆ ಸುತ್ತಿರುತ್ತಿದ್ದರು. ಆದರೂ ಹುರುಪಿನಲ್ಲಿ ಒಂದೆರಡು ಏಟು ಜೋರಾಗಿಯೇ ಬೀಳುತ್ತಿದ್ದವು. ಅದಕ್ಕೊಂದು ಕಟ್ಟಳೆ ಇತ್ತು. ನೆಲಕ್ಕೆ ಬಿದ್ದ ಲೀಡರ್ ಸಾಕೆನಿಸಿದಾಗ "ಟೀ ಬಂತು!" ಎಂದು ಕೂಗಬೇಕು, ಎಲ್ಲರೂ ಲಾಠಿ ಇಳಿಸಬೇಕು. ಕ್ಯಾಂಟೀನಿನವನು ಟೀ ಹೊತ್ತು ಬರುವ ಸಮಯವೂ ಅದೇ. ಇದನ್ನು ಯಾರು ಶುರು ಮಾಡಿದರೋ ದೇವರೇ ಬಲ್ಲ. ಆ ಮಾತು ಕಿವಿಗೆ ಬಿದ್ದರೆ ಎತ್ತಿದ ಕೈ ತಾನಾಗಿ ಇಳಿಯುತ್ತಿತ್ತು.

ಹೀಗಿರುವಾಗ ವಿಶ್ವವಿದ್ಯಾಲಯದವರು ಫೀಸನ್ನು ದುಪ್ಪಟ್ಟು ಮಾಡಿದರು. ನಿಜವಾದ ವಿದ್ಯಾರ್ಥಿಗಳು ಬಂದು ಗೇಟಿನ ಮುಂದೆ ಕುಳಿತರು. ಆ ದಿನ ಅವಳ ತಲೆಯ ಮೇಲೂ ಹೆಲ್ಮೆಟ್ಟು. ತುಕಡಿಯ ಸಾಹೇಬರು ಮೈಕಿನಲ್ಲಿ "ಎದ್ದು ಹೋಗಿ" ಎಂದರು, ಯಾರೂ ಏಳಲಿಲ್ಲ. ಹೊಡೆಯಲು ಹುಕುಂ ಆಯಿತು. ಬಟ್ಟೆ ಸುತ್ತದ ಲಾಠಿ ಮೈಮೇಲೆ ಬಿದ್ದರೆ ಆಗುವ ಸದ್ದೇ ಬೇರೆ. ಅವಳೂ ಹೊಡೆದಳು, ಕಾಲಿಗೆ ನೋಡಿಕೊಂಡು ಹೊಡೆದಳು. ಸುಳ್ಳು ಹೇಳಬಾರದು.

ಕಾಂಪೌಂಡಿನ ಬುಡದಲ್ಲಿ ಒಬ್ಬಳು ಹುಡುಗಿ ಬಿದ್ದಿದ್ದಳು. ಅವಳ ಮೇಲೆ ಲಾಠಿ ಎತ್ತಿ ಪೈಲ್ವಾನ್ ನಿಂತಿದ್ದ. ತುಕಡಿಗೆ ಹೊಸದಾಗಿ ಸೇರಿದ ದಾಂಡಿಗ ಅವನು, ಲಾಠಿ ಹಿಡಿಯುವುದನ್ನು ಲೀಡರ್ ಕೈಯಲ್ಲೇ ಕಲಿತವನು. ಹುಡುಗಿ ತಲೆಗೆ ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟಿದ್ದಳು. ಒಂದು ಕೈ ಬಾಗಬಾರದ ಕಡೆ ಬಾಗಿತ್ತು. ಪೈಲ್ವಾನ್ ಹೊಡೆಯುತ್ತಲೇ ಇದ್ದ, ತಾನು ಏನು ಮಾಡುತ್ತಿದ್ದೇನೆಂಬ ಅರಿವೇ ಅವನಿಗಿರಲಿಲ್ಲ. "ಬಿಡೋ! ಸಾಕು ಬಿಡೋ!" ಎಂದು ಲೀಡರ್ ಕಿರುಚಿದಳು. ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಆಗ ಉಸಿರು ತುಂಬಿಕೊಂಡು, ಹೊಟ್ಟೆಯಿಂದ ಕೂಗಿದಳು.

"ಟೀ ಬಂತು!"

ಲಾಠಿಗಳು ಇಳಿದವು. ಪೈಲ್ವಾನನ ಲಾಠಿಯೂ ಇಳಿಯಿತು. ಇಡೀ ಸಾಲು ಟೀ ಎಲ್ಲಿ ಎಂಬಂತೆ ಹಿಂತಿರುಗಿ ನೋಡಿತು. ಅಷ್ಟರಲ್ಲಿ ಗೆಳತಿಯರು ಓಡಿಬಂದು ಹುಡುಗಿಯನ್ನು ಎತ್ತಿಕೊಂಡು ಹೋದರು.

ಯಾರದೋ ಫೋನಿನಲ್ಲಿ ಅದೆಲ್ಲ ಸೆರೆಯಾಗಿತ್ತು. ಟೀಗಾಗಿ ಲಾಠಿ ಇಳಿಸಿದ ಪೊಲೀಸರನ್ನು ನೋಡಿ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಸ್ಟೇಷನ್ನಿನ ಗೇಟಿಗೆ ಯಾರೋ ಕೆಟಲ್ ನೇತು ಹಾಕಿ ಹೋದರು. ಸಾಹೇಬರ ಮಾನ ಮೂರು ಕಾಸಿಗೆ ಹರಾಜಾಯಿತು. ಅವರು ಲೀಡರನ್ನು ಕರೆಸಿ, ಕೂರಲೂ ಹೇಳದೆ ಕೇಳಿದರು.

"ಏನಮ್ಮಾ, ಬಾಯಿ ತಪ್ಪಿ ಕೂಗಿದ್ಯೋ, ಬೇಕಂತ್ಲೇ ಕೂಗಿದ್ಯೋ? ಬಾಯಿ ತಪ್ಪಿತು ಅಂದ್ರೆ ಬೈದು ಬಿಡ್ತೀನಿ. ಬೇಕಂತ್ಲೇ ಅಂದ್ರೆ ಇವತ್ತೇ ಸಸ್ಪೆಂಡು. ಕ್ವಾರ್ಟರ್ಸೂ ಖಾಲಿ ಮಾಡ್ಬೇಕಾಗತ್ತೆ."

ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮಂಡಿ ನೋವಿನ ಅತ್ತೆ ಇದ್ದರು, ಶಾಲೆಗೆ ಹೋಗುವ ಮಗಳಿದ್ದಳು. ಗಂಡ ತೀರಿಕೊಂಡ ಮೇಲೆ ದುಡಿಯುವ ಕೈ ಇವಳದೊಂದೇ.

"ಬಾಯಿ ತಪ್ಪಿ ಬಂತು ಸರ್," ಎಂದಳು.

ಮನೆಗೆ ಬಂದು ಹೇಳಿದಾಗ ಅತ್ತೆ, "ಸದ್ಯ, ಬದುಕಿಕೊಂಡ್ವಿ ಬಿಡೇ," ಎಂದು ಗೋಡೆಗೆ ಒರಗಿದರು. ಇವಳು ಬಡಿಸಿಕೊಂಡ ಊಟವನ್ನು ಹಾಗೇ ಮುಚ್ಚಿಟ್ಟಳು. ಇಷ್ಟು ವರ್ಷದ ನೌಕರಿಯಲ್ಲಿ ಮಾಡಿದ ಒಂದು ನೆಟ್ಟಗಿನ ಕೆಲಸವನ್ನು ತಪ್ಪಾಯಿತು ಎಂದು ಒಪ್ಪಿಕೊಂಡು ಬಂದೆನಲ್ಲ ಎಂದು ನಾಚಿಕೆಯಾಗುತ್ತಿತ್ತು.

ಮರುದಿನ ನಲ್ಲಿಯ ಹತ್ತಿರ ಪೈಲ್ವಾನ್ ಎದುರಾದ. ಮುಖ ಸಣ್ಣಗಾಗಿತ್ತು.

"ಅಕ್ಕಾ, ಆಸ್ಪತ್ರೆ ಹತ್ರ ಹೋಗಿದ್ದೆ. ಒಳಗೆ ಹೋಗೋ ಧೈರ್ಯ ಬರ್ಲಿಲ್ಲ. ಆ ಹುಡುಗಿ ಬದುಕ್ತಾಳಂತೆ. ನೀನು ಕೂಗ್ದೇ ಇದ್ದಿದ್ರೆ ನಾನು ನಿಲ್ಲಿಸ್ತಾನೇ ಇರ್ಲಿಲ್ಲ. ನಿಜ ಹೇಳು, ಬಾಯಿ ತಪ್ಪಿತ್ತಾ?"

"ನಾನು ಅಷ್ಟು ಪೆದ್ದಿ ಥರ ಕಾಣ್ತೀನೇನೋ?" ಎಂದು ಅವಳು ಕೊಡ ಎತ್ತಿಕೊಂಡು ಹೊರಟಳು.

ಮುಂದಿನ ಅಣಕು ಗಲಭೆಗೆ ಸಾಹೇಬರೇ ಬಂದು ನಿಂತರು. "ಇನ್ಮೇಲೆ ಟೀ ಗೀ ಏನೂ ಇಲ್ಲ. ನಾನು ಸೀಟಿ ಊದೋವರೆಗೂ ಯಾರೂ ನಿಲ್ಲಿಸೋ ಹಾಗಿಲ್ಲ," ಎಂದರು. ಲೀಡರ್ ಎಂದಿನಂತೆ ಘೋಷಣೆ ಕೂಗಿದಳು, ಎಂದಿನಂತೆ ಬಿದ್ದಳು. ಸುತ್ತ ಲಾಠಿಗಳು ಆಡತೊಡಗಿದವು. ಸಾಹೇಬರು ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ನೋಡುತ್ತಿದ್ದರು, ಊದಲಿಲ್ಲ. ಬಟ್ಟೆ ಸುತ್ತಿದ್ದರೂ ಬೆನ್ನು ಚುರುಗುಟ್ಟತೊಡಗಿತು. ಭುಜದ ಮೇಲೊಂದು, ಸೊಂಟದ ಮೇಲೊಂದು ಬಿತ್ತು. ಇವಳು ಸೀಟಿಗೆ ಕಾಯುತ್ತಿದ್ದಾಳೆಂದು ಸಾಹೇಬರಿಗೆ ಗೊತ್ತಿತ್ತು, ಅವರು ಇವಳ ಕೂಗಿಗೆ ಕಾಯುತ್ತಿದ್ದಾರೆಂದು ಇವಳಿಗೂ ಗೊತ್ತಿತ್ತು. ಈಗ ಕೂಗಿದರೆ ಕೆಲಸ ಹೋಗುತ್ತದೆ. ಅವಳು ತಲೆಗೆ ಕೈ ಅಡ್ಡ ಹಿಡಿದು ತುಟಿ ಕಚ್ಚಿಕೊಂಡಳು.

"ಟೀ ಬಂತು!"

ಅದು ಅವಳ ದನಿಯಲ್ಲ. ಲಾಠಿಗಳು ಇಳಿದವು.

"ಯಾವನೋ ಅದು?"

"ನಾನು ಸರ್." ಪೈಲ್ವಾನ್ ಸಾಲಿನಿಂದ ಮುಂದೆ ಬಂದ.

"ನಿಂದೂ ಬಾಯಿ ತಪ್ಪಿತೇನೋ?"

"ಇಲ್ಲ ಸರ್."

ಲೀಡರ್ ನೆಲಕ್ಕೆ ಕೈಯೂರಿ ಎದ್ದಳು. ಮಂಡಿಯ ಮಣ್ಣು ಕೊಡವಿದಳು, ಮನೆಯಲ್ಲಿದ್ದ ಅತ್ತೆಯನ್ನೂ ಮಗಳನ್ನೂ ನೆನೆದಳು. ಆಮೇಲೆ ನಡೆದು ಬಂದು ಪೈಲ್ವಾನನ ಪಕ್ಕ ನಿಂತಳು.

"ನಂದೂ ಅವತ್ತು ಬಾಯಿ ತಪ್ಪಿರ್ಲಿಲ್ಲ ಸರ್," ಎಂದಳು.