ಕೆಳಸಾಲಿನ ಹಲ್ಲು

ಚಮಚ ತುಟಿಗೆ ತಾಗಿದ್ದೇ ತಡ, ಅಮ್ಮ ಡಬ್ಬಿಯ ಮುಚ್ಚಳದ ಹಾಗೆ ಬಾಯಿ ಬಿಗಿದುಕೊಂಡಳು. ಗಂಜಿ ಗಲ್ಲದಿಂದಿಳಿದು ಕೊರಳಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಬಿತ್ತು.

"ಒಂದೇ ಒಂದು ತುತ್ತು, ಅಮ್ಮ. ನನಗೋಸ್ಕರ," ಎಂದಳು ಮಗಳು.

"ಬಿಡಿ ಅಕ್ಕ, ನನ್ನ ಹತ್ರಾನೂ ಇದೇ ಕತೆ," ಎಂದಳು ಆಯಾ, ಪಕ್ಕದ ಖಾಲಿ ಮಂಚಕ್ಕೆ ಒಗೆದ ಹಾಸು ಹಾಸುತ್ತ. "ನಿನ್ನೆ ನನ್ನ ಬೆರಳೇ ಕಚ್ಚಿಬಿಟ್ರು. ಗಂಜಿ ಬೇಡ್ವಂತೆ, ಆಯಾ ಆದ್ರೆ ಆಗುತ್ತಂತೆ ನಿಮ್ಮಮ್ಮಂಗೆ."

ಮಗಳಿಗೆ ನಗು ಬರಲಿಲ್ಲ. ವೃದ್ಧಾಶ್ರಮದ ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು. ಮರೆವಿನ ಕಾಯಿಲೆಯಲ್ಲಿ ಇದೂ ಒಂದು ಹಂತ. ಮನೆ ಮಕ್ಕಳನ್ನು ಮರೆತವರು ಕೊನೆಗೆ ನುಂಗುವುದನ್ನೂ ಮರೆಯುತ್ತಾರೆ. ಸಂಜೆಯೊಳಗೆ ಮಗಳು ಹೂಂ ಅಂದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದು. ಅಮ್ಮ ಅದನ್ನು ಕಿತ್ತುಹಾಕದಂತೆ ಎರಡೂ ಕೈಗೆ ದಪ್ಪ ಹತ್ತಿಯ ಗವಸು ತೊಡಿಸಿ ಮಣಿಕಟ್ಟಿನಲ್ಲಿ ಕಟ್ಟುವುದು. ಅಂಥ ಗವಸುಗಳ ಬಗ್ಗೆ ಮಗಳು ಒಂದು ಲೇಖನವನ್ನೇ ಬರೆದಿದ್ದಳು. ಈಗ ಅದರ ಒಂದು ಸಾಲೂ ನೆನಪಾಗಲಿಲ್ಲ. ಆಯುಷ್ಯವಿಡೀ ಬಟ್ಟೆ ಹೊಲಿದು ಅವಳನ್ನು ಓದಿಸಿದ ಕೈಗಳು ಅವು.

ಓದಿ ಅವಳು ಆದದ್ದು ಡಾಕ್ಟರಲ್ಲ. ಕಾಯಿಲೆಯವರ ಸುತ್ತ ಇರುವ ಸಾಮಾನುಗಳನ್ನು ಅಭ್ಯಾಸ ಮಾಡುವ ಮಾನವಶಾಸ್ತ್ರದ ಅಧ್ಯಾಪಕಿ. ಊರುಗೋಲಿನ ಹಿಡಿ ಸವೆದದ್ದು ಯಾವ ಕಡೆ, ಕನ್ನಡಕದ ಕಡ್ಡಿಗೆ ಯಾರು ದಾರ ಸುತ್ತಿದರು, ಮಲದ ಬೋಗುಣಿಯನ್ನು ಮಂಚದ ಯಾವ ಮಗ್ಗುಲಲ್ಲಿ ಇಡುತ್ತಾರೆ. "ಜನ ಸುಳ್ಳು ಹೇಳಿದರೂ ಸಾಮಾನು ಹೇಳುವುದಿಲ್ಲ," ಎಂದು ತರಗತಿಯಲ್ಲಿ ಹೇಳುವಳು. "ಹಾಗಾದ್ರೆ ನೀನು ಗುಜರಿಯವಳು ಅನ್ನು," ಎಂದು ಅಮ್ಮ, ನೆನಪು ನೆಟ್ಟಗಿದ್ದಾಗ, ನಕ್ಕಿದ್ದಳು.

ಬಟ್ಟೆಯಿಂದ ಅಮ್ಮನ ತುಟಿ ಒರೆಸುವಾಗ ಬೆರಳು ಒಳಗಿನ ದವಡೆಗೆ ತಾಗಿತು. ಅಮ್ಮ ಸುಟ್ಟುಕೊಂಡವರಂತೆ ತಲೆ ಹಿಂದಕ್ಕೆಳೆದಳು. ಮಗಳು ಸಮಾಧಾನ ಮಾಡುತ್ತ ಮಾಡುತ್ತಲೇ ಕೆಳಗಿನ ಹಲ್ಲಿನ ಸೆಟ್ಟನ್ನು ಮೆಲ್ಲಗೆ ಎತ್ತಿದಳು. ಅದು ಬಿಗಿಯಾಗಿ ಕೂತಿತ್ತು. ಕಿತ್ತು ಬಂದಾಗ ವಸಡಿನ ಉದ್ದಕ್ಕೂ ಬಿಳಿಯ ಹುಣ್ಣು ಕಾಣಿಸಿತು.

ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಂದಿನ ಹಲ್ಲುಗಳ ಅಂಚು ನಯವಾಗಿ, ನೇರವಾಗಿತ್ತು. ನಡುವೆ ಇರಬೇಕಾಗಿದ್ದ ಕಚ್ಚು ಇರಲಿಲ್ಲ.

ಹೋದ ತಿಂಗಳು ಇದೇ ಕಿಟಕಿಯ ಕಟ್ಟೆಯ ಮೇಲೆ ಅವಳು ಬಿಳಿ ಬಟ್ಟೆ ಹಾಸಿ ಫೋಟೋ ತೆಗೆದಿದ್ದಳು. ಅಮ್ಮನ ಹಲ್ಲು, ಪಕ್ಕದ ಮಂಚದ ರೇಡಿಯೋ ಅಜ್ಜಿಯ ಹಲ್ಲು, ಎರಡು ಮೇಲಿನವು, ಎರಡು ಕೆಳಗಿನವು. ಬಟ್ಟೆಯ ಮೇಲೆ ಅವು ಚೆನ್ನಾಗಿ ಕಾಣಲೆಂದು ಹಿಂದೆಮುಂದೆ ಮಾಡಿ, ತಿರುಗಿಸಿ, ಮತ್ತೆ ಜೋಡಿಸಿದ್ದಳು. ಹಲ್ಲಿಲ್ಲದ ಬಾಯಲ್ಲೂ ರೇಡಿಯೋ ಅಜ್ಜಿಯ ಮಾತು ನಿಂತಿರಲಿಲ್ಲ. ಅಮ್ಮನ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಓರೆ. ಹಲ್ಲು ಕಟ್ಟಿಸುವಾಗ ಹಟ ಹಿಡಿದು ಹಾಗೆ ಮಾಡಿಸಿಕೊಂಡಿದ್ದಳು, "ನಿಮ್ಮಪ್ಪ ಮೇಲೆ ಸಿಕ್ಕಾಗ ಗುರುತು ಹಿಡೀಬೇಕಲ್ಲ" ಎಂದು. ಹಾಗಾಗಿ ಮೇಲಿನವು ತಂತಮ್ಮ ಬಾಯಿ ಸೇರಿದವು. ಕೆಳಗಿನವು ಅವಳಿಗಳ ಹಾಗಿದ್ದವು. ಹಲ್ಲು ನೆನೆಸಿಡುವ ಎರಡು ಲೋಟಗಳಲ್ಲಿ, ಕೈಗೆ ಸಿಕ್ಕಿದ್ದನ್ನು ಸಿಕ್ಕ ಲೋಟಕ್ಕೆ ಹಾಕಿದ್ದಳು.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದಾಗ ಒಂದು ಕೆಳಸಾಲಿನ ನಡುವೆ ಸಣ್ಣ ಕಚ್ಚು ಕಂಡಿತ್ತು. ಕತ್ತರಿ ಪಕ್ಕದಲ್ಲೇ ಇದ್ದರೂ ಅಮ್ಮ ದಾರವನ್ನು ಹಲ್ಲಿನಲ್ಲೇ ಕಡಿಯುವಳು. ಕಟ್ಟಿಸಿದ ಹಲ್ಲಿಗೂ ಆ ಚಾಳಿ ಬಿಡಲಿಲ್ಲ. ವಿದ್ವಾಂಸರ ಸಭೆಯಲ್ಲಿ ಪರದೆಯ ತುಂಬ ಆ ಕಚ್ಚನ್ನು ತೋರಿಸಿ, "ಒಂದು ಬದುಕಿನ ಕಸುಬು ಇಲ್ಲಿ ಕೂತಿದೆ," ಎಂದಿದ್ದಳು. ಜನ ಚಪ್ಪಾಳೆ ತಟ್ಟಿದ್ದರು. ಆ ಹೊತ್ತಿಗೆ ಅಮ್ಮ ಇಲ್ಲಿ ಗಂಜಿ ಉಗುಳುತ್ತಿದ್ದಳು.

"ರೇಡಿಯೋ ಅಜ್ಜಿಯ ಹಲ್ಲು ಎಲ್ಲಿ?" ಎಂದಳು.

ಆಯಾ ದಿಂಬು ಕೊಡವುವುದನ್ನು ನಿಲ್ಲಿಸಿದಳು. "ಅವರ ಜೊತೆಗೇ ಚಿತೆಗೆ ಹೋಯ್ತಲ್ಲ ಅಕ್ಕ. ಅಮ್ಮನ ಮುಖ ತುಂಬಿಕೊಂಡು ಕಾಣ್ಲಿ ಅಂತ ಮಗ ಅತ್ಕೊಂಡು ಹೇಳಿದ್ರು, ನಾನೇ ಹಾಕಿದೆ. ಕೆಳಗಿನದು ಕೂರ್ತಾನೇ ಇರ್ಲಿಲ್ಲ. ಗಲ್ಲ ಒತ್ತಿ ಬಟ್ಟೆ ಕಟ್ಟಬೇಕಾಯ್ತು. ಪಾಪ, ಹಲ್ಲು ಲೊಡಲೊಡ ಅನ್ನುತ್ತೆ, ಊಟ ಮಾಡೋಕಾಗ್ತಿಲ್ಲ ಅಂತ ದಿನಾ ಹೇಳೋರು. ದಿನವೆಲ್ಲ ಮಾತಾಡೋರ ಮಾತು ಯಾರು ಕೇಳ್ತಾರೆ?"

ಮಗಳ ಕೈಯಲ್ಲಿದ್ದುದನ್ನು ಕಂಡು ಆಯಾಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ತೊಳೆಯುವಾಗ ನಾನೇ ಅದಲುಬದಲು ಮಾಡಿಬಿಟ್ನಾ? ಅಕ್ಕ, ಮೇಲಿನವರಿಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಒಂದು ಗಳಿಗೆ ಮಗಳು ತಪ್ಪನ್ನು ಆಯಾಳ ತಲೆಯ ಮೇಲೇ ಇರಗೊಟ್ಟಳು. ಆ ಗಳಿಗೆ ಎಷ್ಟು ಹಿತವಾಗಿತ್ತೆಂದು ಅವಳಿಗೇ ಹೇಸಿಗೆಯಾಯಿತು.

"ನೀನಲ್ಲ," ಎಂದಳು. "ಫೋಟೋ ತೆಗೆದ ದಿನ ನಾನೇ ಅದಲುಬದಲು ಹಾಕಿದ್ದು."

ಆಯಾ ಅವಳನ್ನೇ ನೋಡಿದಳು. ಆಮೇಲೆ ದಿಂಬಿಗೆ ಗವಸು ಹಾಕತೊಡಗಿದಳು.

ಮಗಳು ಡಾಕ್ಟರ ಮುಂದೆ ಹಲ್ಲನ್ನಿಟ್ಟು ಎಲ್ಲವನ್ನೂ ಹೇಳಿದಳು. ಅವರು ಬಂದು ಅಮ್ಮನ ಬಾಯಿಗೆ ದೀಪ ಹಿಡಿದು ನೋಡಿದರು. ಹಲ್ಲಿಲ್ಲದೆ, ಉಗುರುಬೆಚ್ಚಗಿನ ತಿಳಿಗಂಜಿ ಕೊಟ್ಟು ನೋಡೋಣವೆಂದರು. ಆಯಾ ಪ್ರಯತ್ನಿಸಿದಳು, ಮಗಳು ಪ್ರಯತ್ನಿಸಿದಳು. ಚಮಚ ಕಂಡರೆ ಸಾಕು, ಅಮ್ಮ ಗೋಡೆಯ ಕಡೆ ತಿರುಗುವಳು. ನೋವು ಎಲ್ಲಿಂದ ಬಂತೆಂಬುದು ಮರೆತುಹೋಗಿತ್ತು. ಚಮಚದ ಭಯ ಮಾತ್ರ ಮರೆತಿರಲಿಲ್ಲ.

"ಹುಣ್ಣು ಮಾಯುತ್ತೆ," ಎಂದರು ಡಾಕ್ಟರು ಹೊರಗೆ ಬಂದು. "ಆದ್ರೆ ಅಲ್ಲಿವರೆಗೆ ಕಾಯೋಕೆ ಅವರ ಮೈಯಲ್ಲಿ ಏನೂ ಉಳಿದಿಲ್ಲ. ಮತ್ತೆ ಬಾಯಲ್ಲಿ ಊಟ ಮಾಡ್ತಾರೆ ಅಂತ ನಾನು ಮಾತು ಕೊಡಲಾರೆ. ನಳಿಗೆ ಹಾಕ್ಲಾ, ಬೇಡ್ವಾ?"

"ಹಾಕಿ," ಎಂದಳು.

ನರ್ಸು ತಟ್ಟೆಯಲ್ಲಿ ನಳಿಗೆಯನ್ನೂ ಕಂಕುಳಲ್ಲಿ ಗವಸುಗಳನ್ನೂ ತಂದಳು. ಎಷ್ಟೋ ಸಲ ಒಗೆದು ಬಣ್ಣಗೆಟ್ಟ ಗವಸುಗಳು. ಎಡಗೈಯದನ್ನು ತೊಡಿಸಿ ಕಟ್ಟಿದಳು. ಅಮ್ಮ ಸುಮ್ಮನೆ ಕೊಟ್ಟಳು. ಬಲಗೈಗೆ ಬಂದಾಗ ಮಾತ್ರ ತಡೆದು, ಗವಸನ್ನು ನರ್ಸಿನ ಕೈಯಿಂದ ಇಸಿದುಕೊಂಡು, ತೊಡೆಯ ಮೇಲಿಟ್ಟು, ಹೆಬ್ಬೆರಳಿನಿಂದ ಹೊಲಿಗೆಯ ಗುಂಟ ಸವರುತ್ತ ಹೋದಳು. ಒಂದು ಕಡೆ ದಾರ ಬಿಚ್ಚಿ ನೇತಾಡುತ್ತಿತ್ತು. ಅಮ್ಮ ನಾಲಿಗೆ ಲೊಚಗುಟ್ಟಿದಳು, ಯಾರೋ ಹೊಸಬರು ಹೊಲಿದು ಕೆಡಿಸಿದ್ದಾರೆ ಎಂಬಂತೆ.

ಆಮೇಲೆ ಗವಸನ್ನು ಮುಖದ ಹತ್ತಿರ ತಂದಳು. ಬಾಯಿ ತಾನಾಗಿ ತೆರೆಯಿತು. ದಾರವನ್ನು ಒಳಗಿಟ್ಟು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಲ್ಲಿಲ್ಲದ ವಸಡಿನಲ್ಲೇ ಕಡಿದಳು.

ನರ್ಸು ಕೈ ಮುಂದೆ ಚಾಚಿದಳು. "ಸ್ವಲ್ಪ ತಾಳಿ," ಎಂದಳು ಮಗಳು.

ಅಮ್ಮ ಮತ್ತೆ ಕಡಿದಳು. ದಾರ ಒದ್ದೆಯಾಗಿ, ಹೊಳೆಯುತ್ತ, ಇದ್ದಷ್ಟೇ ಉದ್ದ ಹೊರಗೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗಿಟ್ಟುಕೊಂಡಳು.