ಮಗ್ಗ ಓಡುವಷ್ಟು ಹೊತ್ತು

"ಕೋಟೆ ಹತ್ತಿ ಕಾಲು ಹೋಯ್ತು, ಹುತಾತ್ಮರ ಕಂಬ ನೋಡಿ ಕಣ್ಣು ಒದ್ದೆಯಾಯ್ತು. ಈಗ ಇಲ್ಲಿ ಕಿವಿ ಕಳ್ಕೊಳ್ಳಿ, ಆಮೇಲೆ ಊಟ," ಎಂದು ಮಾರ್ಗದರ್ಶಿ ತನ್ನ ಮಾಮೂಲು ಚಟಾಕಿ ಹಾರಿಸಿ ಪ್ರವಾಸಿಗರನ್ನು ಒಳಗೆ ಬಿಟ್ಟ.

ಒಂದು ಕಾಲಕ್ಕೆ ಇಡೀ ಊರಿಗೆ ಅನ್ನ ಹಾಕಿದ ಬಟ್ಟೆ ಗಿರಣಿ ಈಗ ವಸ್ತುಸಂಗ್ರಹಾಲಯ. ಸಾಲು ಮಗ್ಗಗಳಲ್ಲಿ ಜೀವ ಉಳಿದದ್ದು ಒಂದಕ್ಕೇ. ಅದನ್ನು ಓಡಿಸಿ ತೋರಿಸುವವಳನ್ನು ಎಲ್ಲರೂ ಮಗ್ಗದಕ್ಕ ಎನ್ನುತ್ತಿದ್ದರು. ಮಗ್ಗದ ಹಿಡಿಗೆ ಕೈಯಿಡುವ ಮೊದಲು ಬಂದವರ ಮುಖಗಳನ್ನೆಲ್ಲ ಒಮ್ಮೆ ಹುಡುಕುವುದು ಅವಳ ಅಭ್ಯಾಸ. ಇಂದು ಆ ಕೈ ಹಿಡಿಯ ಮೇಲೆಯೇ ನಿಂತುಬಿಟ್ಟಿತು.

ಹಿಂದಿನ ಕಂಬಕ್ಕೆ ಒರಗಿ, ಎಡಗಾಲಿಗೆ ಭಾರ ಬಿಟ್ಟು ನಿಂತವಳು ಅವಳ ತಂಗಿ. ತಲೆ ಪೂರ್ತಿ ನೆರೆತಿತ್ತು. ನಿಲುವು ಮಾತ್ರ ಅದೇ.

ಗಿರಣಿ ಮುಚ್ಚಿದಾಗ ತಂಗಿ ಅದು ಮತ್ತೆ ತೆರೆಯಲೇಬೇಕೆಂದು ಗೇಟಿನ ಮುಂದೆ ಪಟ್ಟು ಹಿಡಿದು ಕೂತಿದ್ದಳು. ಅಕ್ಕ ಸಂಗ್ರಹಾಲಯದ ಕೆಲಸ ಒಪ್ಪಿಕೊಂಡ ಸಂಜೆ, "ನಮ್ಮ ಆಸೆಗೆ ಮೊದಲ ಹಿಡಿ ಮಣ್ಣು ಹಾಕಿದವಳು ನೀನು. ಇನ್ನು ನನ್ನ ದನಿ ನಿನ್ನ ಕಿವಿಗೆ ಬೀಳಲ್ಲ," ಎಂದು ಹೇಳಿ ರೈಲು ಹತ್ತಿದಳು. ಆಡಿದ ಮಾತನ್ನು ಇಂದಿನವರೆಗೂ ಉಳಿಸಿಕೊಂಡಿದ್ದಳು.

ಮಗ್ಗದಕ್ಕ ಹಿಡಿ ಎಳೆದಳು. ಲಾಳಿ ಚಿಮ್ಮಿತು, ನೆಲ ಅದುರಿತು, ಪ್ರವಾಸಿಗರು ಕಿವಿ ಮುಚ್ಚಿಕೊಂಡರು.

ಆ ಸದ್ದಿನಲ್ಲಿ ದುಡಿದ ಹೆಂಗಸರು ತುಟಿಮಾತು ಕಲಿತಿದ್ದರು. ದನಿ ತೆಗೆಯದೆ ತುಟಿಗಳಲ್ಲೇ ಪ್ರತಿ ಮಾತಿಗೂ ಆಕಾರ ಕಟ್ಟುವುದು. ನಾಲ್ಕು ಮಗ್ಗದಾಚೆ ಇದ್ದವಳು ಅದನ್ನು ಕಣ್ಣಿನಿಂದ ಕೇಳಿಸಿಕೊಳ್ಳುವುದು. ಅತ್ತೆಯ ಕಾಟ, ಗಂಡನ ಪುರಾಣ, ಮೇಸ್ತ್ರಿಯ ಹೊಟ್ಟೆಯ ಸುತ್ತಳತೆ, ಎಲ್ಲವೂ ಮೇಸ್ತ್ರಿಯ ಮೂಗಿನಡಿಯಲ್ಲೇ ಹೀಗೆ ಹರಿದಾಡುತ್ತಿದ್ದವು.

ಕಂಬದ ಬಳಿ ತುಟಿಗಳು ಅಲುಗಿದವು.

"ಎಡಗಡೆ ನೂಲು ಸಡಿಲ ಬಿಟ್ಟಿದ್ದೀಯ. ನಿನ್ನ ಕೈ ಮೊದಲಿಂದ್ಲೂ ಅಷ್ಟೇ."

ಅಕ್ಕನೂ ತುಟಿಯಲ್ಲೇ ಉತ್ತರಿಸಿದಳು: "ನಿನ್ನ ನಾಲಿಗೆಯೂ ಅಷ್ಟೇ."

"ಸೊರಗಿದ್ದೀಯ."

"ಹಲ್ಲು ಹೋದ್ವು ಕಣೆ, ಅದಕ್ಕೆ ಹಾಗೆ ಕಾಣ್ತೀನಿ."

"ಅದಕ್ಕೇ ನಿನ್ನ ಅರ್ಧ ಮಾತು ಓದೋಕಾಗ್ತಿಲ್ಲ."

ಇಬ್ಬರೂ ನಕ್ಕರು. ಮುಂದಿನ ಸಾಲಿನ ಮುದುಕನೊಬ್ಬ ತನಗೇ ನಕ್ಕಳೆಂದು ತಿಳಿದು ಮಗ್ಗದಕ್ಕನಿಗೆ ಕೈಬೀಸಿದ.

ಮಾರ್ಗದರ್ಶಿ ಕೈಗಡಿಯಾರ ತಟ್ಟಿ ತೋರಿಸಿದ. ಅವಳು ಕಂಡೂ ಕಾಣದವಳಂತೆ ನೂಲು ಸವರಿದಳು. ಮಗ್ಗ ನಿಂತರೆ ಮಾತಿಗೆ ದನಿ ಬೇಕು. ದನಿಗೆ ತಂಗಿಯ ಶಪಥ ಅಡ್ಡ. ಸದ್ದು ಇರುವವರೆಗೆ ಮಾತ್ರ ಅವಳು ತನ್ನವಳು. ಮಾರ್ಗದರ್ಶಿ ಈ ಬಾರಿ ಎರಡೂ ಕೈಯೆತ್ತಿ ಸನ್ನೆ ಮಾಡಿದ. ಒಬ್ಬಿಬ್ಬರು ತಲೆ ಹಿಡಿದುಕೊಂಡು ಹೊರನಡೆದರು.

ತಂಗಿಯ ಮುಖದಿಂದ ನಗು ಇಳಿದಿತ್ತು. "ಅಲ್ಲಿ ನನಗೆ ಈಗ ಯಾರೂ ಇಲ್ಲ ಅಕ್ಕಾ. ನಾನೇನಾದ್ರೂ ತಿರುಗಿ ಬಂದ್ರೆ..."

ಮಾರ್ಗದರ್ಶಿ ಗೋಡೆಯ ಸ್ವಿಚ್ಚು ಆರಿಸಿದ.

ಮಗ್ಗ ನರಳಿ ನಿಂತಿತು. ತಂಗಿಯ ಬಾಯಿ ಅರ್ಧ ತೆರೆದದ್ದು ಹಾಗೆಯೇ ಮುಚ್ಚಿಕೊಂಡಿತು.

"ಬಂದ್ರೆ ಏನೇ? ಮುಗಿಸು," ಎಂದಳು ಅಕ್ಕ. ಎಲ್ಲರೂ ತಿರುಗಿ ನೋಡಿದರು.

ತಂಗಿ ಇಲ್ಲವೆಂದು ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಗುಂಪಿನೊಡನೆ ಹೊರಟಳು.

"ಇವತ್ತೇನಮ್ಮ ಮಗ್ಗ ಮೈಮೇಲೆ ಬಂದಿತ್ತಾ? ಊಟದ ಹೋಟ್ಲಿನವ್ರು ನನ್ನನ್ನೇ ತಿಂತಾರೆ," ಎಂದು ಮಾರ್ಗದರ್ಶಿ ಗೊಣಗುತ್ತಿದ್ದಂತೆಯೇ ಅವನನ್ನು ಬದಿಗೆ ಸರಿಸಿ ಮಗ್ಗದಕ್ಕ ಹೊರಗೆ ಓಡಿದಳು.

ಬಸ್ಸು ತುಂಬಿತ್ತು. ತಂಗಿ ಕಿಟಕಿಯ ಪಕ್ಕ ಕೂತು ತೊಡೆಯ ಮೇಲಿನ ಕೈಗಳನ್ನೇ ನೋಡುತ್ತಿದ್ದಳು. ಚಾಲಕ ಎಂಜಿನ್ ಎಬ್ಬಿಸಿದ. ಹಳೆಯ ಬಸ್ಸು ಗಿರಣಿಯನ್ನೂ ಮೀರಿಸುವಂತೆ ಗರ್ಜಿಸಿತು. ಆ ಗರ್ಜನೆಯ ಮರೆ ಸಿಕ್ಕಿದ್ದೇ ತಡ, ತಂಗಿ ಕಿಟಕಿಗೆ ತಿರುಗಿದಳು.

"...ಬಂದ್ರೆ, ಮಲಗೋಕೆ ಜಾಗ ಇದೆಯಾ?"

ಇಬ್ಬರೂ ಒಟ್ಟಿಗೆ ಮಲಗಿ ಬೆಳೆದ ತಾಯಿಯ ಅಗಲದ ಮಂಚದಲ್ಲಿ ಅಕ್ಕ ಇಂದಿಗೂ ಅಂಚಿಗೇ ಮಲಗುತ್ತಿದ್ದಳು. "ಗೋಡೆ ಕಡೆ ನಿನ್ನ ಜಾಗ ಖಾಲಿನೇ ಇದೆ ಕಣೆ, ಬಾ," ಎಂದಳು.

ಅಷ್ಟರಲ್ಲಿ ಬಸ್ಸು ಹೊರಟು ಪಕ್ಕಕ್ಕೆ ತಿರುಗಿತು. ತಂಗಿಯ ಮುಖ ಓರೆಯಾಯಿತು. ಓದಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮಗ್ಗದಕ್ಕ ಪಕ್ಕದಲ್ಲೇ ಓಡಿದಳು. ಅದೇ ಮಾತನ್ನು ಮತ್ತೆ ಹೇಳಿದಳು, ಮತ್ತೂ ಹೇಳಿದಳು, ಉಸಿರು ಕಟ್ಟುವವರೆಗೆ ಹೇಳಿದಳು.

ಬಸ್ಸು ಮೂಲೆ ತಿರುಗಿ, ಬೀದಿ ಮೌನವಾದ ಮೇಲಷ್ಟೇ ಅವಳಿಗೆ ಅರಿವಾಯಿತು: ತಂಗಿಯ ಕಿಟಕಿಯ ಗಾಜು ಪೂರ್ತಿ ತೆರೆದಿತ್ತು, ಅಷ್ಟು ಹತ್ತಿರದಿಂದ ಕೂಗಿದ್ದರೆ ಆ ಗರ್ಜನೆಯಲ್ಲೂ ಕೇಳುತ್ತಿತ್ತು, ಆದರೆ ಓಡಿದಷ್ಟು ದೂರವೂ ತಾನು ಬರೀ ತುಟಿಯಾಡಿಸಿದ್ದಳು, ಒಮ್ಮೆಯೂ ದನಿ ತೆಗೆದಿರಲಿಲ್ಲ.